ಬದುವಿನ ತಂಗಡಿ ಅಂಗಳಕ್ಕೆ ಬಂದದ್ದು

ಕುಂಬಳದ ಹೆಣ್ಣು ಹೂವನ್ನು ಗುರುತಿಸುವುದು ಕಷ್ಟವಲ್ಲ. ಗಂಡು ಹೂವು ಉದ್ದನೆಯ ತೆಳು ದಂಟಿನ ತುದಿಯಲ್ಲಿ ನಿಂತಿರುತ್ತದೆ. ಹೆಣ್ಣು ಹೂವಿನ ಬುಡದಲ್ಲಾದರೆ ನೆಲ್ಲಿಕಾಯಿ ಗಾತ್ರದ ಮಿಡಿಯೊಂದು ಮೊದಲೇ ಕುಳಿತಿರುತ್ತದೆ. ಐದು ವರ್ಷದ ಹಿಂದಿನ ಬೇಸಿಗೆಯಲ್ಲಿ, ಕಲಬುರಗಿಯ ಸೇಡಂ ರಸ್ತೆಯ ಕಡೆಗಿರುವ ನಮ್ಮ ಮನೆಯ ಹಿತ್ತಲಿನಲ್ಲಿ, ಆ ಮಿಡಿಗಳು ಒಂದರ ಹಿಂದೊಂದು ಹಳದಿಯಾಗಿ ಉದುರತೊಡಗಿದವು. ನೀರು ಸಾಲದೇನೋ ಎಂದು ದಿನಕ್ಕೊಂದು ಕೊಡ ಹೆಚ್ಚಿಗೆ ಹಾಕಿದೆ, ತಿಪ್ಪೆಗೊಬ್ಬರ ತರಿಸಿ ಬುಡಕ್ಕೆ ಕೊಟ್ಟೆ, ಉದುರುವುದು ನಿಲ್ಲಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳಿಗೆ ಎಣಿಸದೆ ಯಾವುದನ್ನೂ ನಂಬುವ ಅಭ್ಯಾಸವಿಲ್ಲ. ಒಂದು ದಿನ ಬೆಳಗಿನ ಐದೂಮುಕ್ಕಾಲಿಗೆ ಸ್ಟೂಲು ಹಾಕಿಕೊಂಡು ಬಳ್ಳಿಯ ಎದುರು ಕುಳಿತು, ಹೂವುಗಳು ಬಿರಿದ ಹೊತ್ತಿನಿಂದ ಮುದುಡುವ ಹೊತ್ತಿನವರೆಗೆ ಯಾರು ಯಾರು ಬಂದರೆಂದು ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತ ಹೋದೆ. ಇರುವೆಗಳನ್ನು ಬಿಟ್ಟರೆ ಗೆರೆಗಳು ನಾಲ್ಕು. ಅದರಲ್ಲಿ ಮೂರು, ಎಲೆ ತಿನ್ನಲು ಬಂದ ಕೆಂಪು ಕುಂಬಳ ದುಂಬಿಗಳದ್ದು. ಉಳಿದ ಒಂದು ಜೇನು ಗಂಡು ಹೂವಿನಲ್ಲಿ ಹೊರಳಾಡಿ, ಹೆಣ್ಣು ಹೂವಿನ ಕಡೆ ಹಾಯದೆ, ಕಾಂಪೌಂಡ್ ದಾಟಿ ಹೋಯಿತು.

ಮರುದಿನದಿಂದ ಗಂಡು ಹೂವಿನ ದಳ ಕಿತ್ತು, ಪರಾಗ ಹತ್ತಿದ ಕಡ್ಡಿಯನ್ನು ಹೆಣ್ಣು ಹೂವಿಗೆ ತಾಗಿಸುವ ಕೆಲಸವನ್ನು ನಾನೇ ಹಿಡಿದೆ. ಮನೆಗೆಲಸಕ್ಕೆ ಬರುವ ಆಯಿ ಅದನ್ನು ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ, “ಹುಳ ಮಾಡೋ ಕೆಲಸ ನೀವು ಮಾಡಲಕತ್ತೀರಲ್ರೀ ಟೀಚರ್” ಎಂದು ನಕ್ಕಳು. ಆಕೆ ನಗೆಗೆ ಹೇಳಿದ ಮಾತು ನನ್ನ ಪಾಲಿಗೆ ಪ್ರಶ್ನೆಯಾಗಿ ಉಳಿಯಿತು. ಹುಳ ಎಲ್ಲಿ ಹೋಯಿತು?

ಹಾಗೆಂದು ನಮ್ಮದು ಹೂವಿಲ್ಲದ ಅಂಗಳವಾಗಿರಲಿಲ್ಲ. ನಿವೃತ್ತಿಯಾದ ವರ್ಷವೇ ಒಂದು ನರ್ಸರಿಯಿಂದ ಆಟೋ ತುಂಬ ಸಸಿ ತಂದಿದ್ದೆ: ಮುದ್ದೆ ದಾಸವಾಳ, ಎರಡು ಬಣ್ಣದ ಕಾಗದದ ಹೂವು, ಗುಲಾಬಿ, ಕುಂಡದಲ್ಲಿ ಪೆಟುನಿಯಾ, ದಸರಾ ಹೊತ್ತಿಗೆ ಆಗಲೆಂದು ಚೆಂಡು ಹೂವು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಹಾರುವವರು ಮಾತ್ರ ನಿಲ್ಲುತ್ತಿರಲಿಲ್ಲ. ಮುದ್ದೆ ದಾಸವಾಳದಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುತ್ತವೆ ಎಂಬುದನ್ನು ನಾನು ಆಮೇಲೆ ಒಂದು ಹೂವನ್ನು ಬಿಡಿಸಿ ನೋಡಿ ತಿಳಿದೆ. ನಮ್ಮ ಕಣ್ಣಿಗೆ ತುಂಬಿ ಕಾಣುವ ಆ ಹೂವು ಪರಾಗಕ್ಕೆ ಬಂದವರ ಪಾಲಿಗೆ ಬೀಗ ಹಾಕಿದ ಅಂಗಡಿ. ಕಾಗದದ ಹೂವಿನ ಬಣ್ಣವೆಲ್ಲ ರೂಪಾಂತರಗೊಂಡ ಎಲೆಗಳದ್ದು, ನಿಜವಾದ ಹೂವು ಅದರ ನಡುವಿನ ಸಣ್ಣ ಬಿಳಿ ಕೊಳವೆ. ಆ ಕೊಳವೆಗೆ ಜೇನುಗಳು ಬಂದದ್ದನ್ನು ನಾನು ಇದುವರೆಗೆ ಕಂಡಿಲ್ಲ. ಅದು ದಕ್ಷಿಣ ಅಮೆರಿಕದ ಗಿಡ. ನಾವು ಬನ್ನಿ ಹಬ್ಬಕ್ಕೆ ತೋರಣ ಕಟ್ಟುವ ಚೆಂಡು ಹೂವು ಮೆಕ್ಸಿಕೋ ಕಡೆಯದು. ಹೊರಗಿನದೆಂಬ ಕಾರಣಕ್ಕೆ ಗಿಡವನ್ನು ದೂರುವವಳು ನಾನಲ್ಲ, ಏಕೆಂದರೆ ಆ ಲೆಕ್ಕದಲ್ಲಿ ಕುಂಬಳವನ್ನೂ ಬಿಡಬೇಕು, ಮೆಣಸಿನಕಾಯಿಯನ್ನೂ ಬಿಡಬೇಕು. ರೊಟ್ಟಿಗೆ ಖಾರ ಹಚ್ಚಿಕೊಳ್ಳದೆ ಕಲಬುರಗಿಯಲ್ಲಿ ಬದುಕುವುದು ಆಗದ ಮಾತು. ನನ್ನ ತಕರಾರು ಬೇರೆಯದು. ನಾನು ತಂದ ಗಿಡಗಳು ಹೂವು ಬಿಡುವುದು ನೀರು ಸಿಕ್ಕಾಗ, ನೆರಳು ಸಿಕ್ಕಾಗ, ಹವೆ ತಂಪಾಗಿದ್ದಾಗ. ಅದೇ ಹೊತ್ತಿನಲ್ಲಿ ಊರ ಸುತ್ತಲಿನ ಹೊಲಗಳಲ್ಲೂ ಹೂವು ತುಂಬಿರುತ್ತದೆ.

ನಮ್ಮ ಭಾಗದ ವರ್ಷವನ್ನು ಹೂವಿನ ಲೆಕ್ಕದಲ್ಲಿ ಒಮ್ಮೆ ನೋಡಬೇಕು. ಮಿರಗಿನ ಮಳೆ ಬಿದ್ದ ಮೇಲೆ ಹಾಳು ಭೂಮಿಯಲ್ಲೆಲ್ಲ ತುಂಬೆ, ಉತ್ತರಾಣಿ, ಹೆಸರೇ ಗೊತ್ತಿಲ್ಲದ ನೂರು ಸಣ್ಣ ಹೂವು ಏಳುತ್ತವೆ. ಹಸ್ತ, ಚಿತ್ತಾ ಮಳೆ ಮುಗಿದು ಚಳಿ ಇಳಿಯುವ ಹೊತ್ತಿಗೆ ತೊಗರಿ ಹಳದಿಯಾಗುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಕಡಲೆ, ಕುಸುಬೆ ಹೊಲದಲ್ಲಿರುತ್ತವೆ. ಶಿವರಾತ್ರಿಯ ನಂತರ ಹೊಲ ಬರಿದಾಗುತ್ತದೆ. ಆ ಮೇಲಿನ ಮೂರು ತಿಂಗಳು ಬೇವು, ಹೊಂಗೆ ಇದ್ದ ಓಣಿಗಳಲ್ಲಿ ಹೇಗೋ ದಾಟುತ್ತವೆ. ಹೊಲವನ್ನು ಸಮ ಮಾಡಿ, ಮರಗಳನ್ನು ಕಡಿದು, ಸೈಟು ಹಾಕಿದ ನಮ್ಮಂಥ ಬಡಾವಣೆಗಳಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಹುಳುಗಳಿಗೆ ತಿನ್ನಲು ಏನೂ ಇರುವುದಿಲ್ಲ. ನನ್ನ ಕುಂಬಳ ಬಳ್ಳಿ ಹೂವು ಬಿಟ್ಟದ್ದು ಸರಿಯಾಗಿ ಆ ಬರಗಾಲದ ನಡುವೆ. ಒಂದು ಬಳ್ಳಿಯ ನಾಲ್ಕು ಹೂವಿಗಾಗಿ ಯಾವ ಜೇನು ಇಷ್ಟು ದೂರ ಬರುತ್ತದೆ? ವರ್ಷವಿಡೀ ಬಂದು ಹೋಗುವ ರೂಢಿಯಿದ್ದರೆ ಕುಂಬಳಕ್ಕೂ ಬಂದಾವು. ಹಾಗಾಗಿ ಅಂಗಳವನ್ನು ಹಬ್ಬದ ಲೆಕ್ಕದಲ್ಲಿ ಕಟ್ಟಿದ್ದೇ ನನ್ನ ತಪ್ಪೆಂದೂ, ಬೇಸಿಗೆಯ ಲೆಕ್ಕದಲ್ಲಿ ಕಟ್ಟಬೇಕಿತ್ತೆಂದೂ ತೀರ್ಮಾನಕ್ಕೆ ಬಂದೆ.

ಬೇಸಿಗೆಯನ್ನು ದಾಟುವ ಗಿಡವೆಂದರೆ ಬೇರು ಉಳಿಸಿಕೊಳ್ಳುವ ಗಿಡ. ವರ್ಷಕ್ಕೆ 700ರಿಂದ 800 ಮಿಲಿಮೀಟರ್ ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಇದರ ಮೇಲೆ ನಮ್ಮ ಎರೆ ಮಣ್ಣಿನ ಸ್ವಭಾವ ಬೇರೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಕಾಲಿಟ್ಟರೆ ಚಪ್ಪಲಿ ಬಿಡದಷ್ಟು ಜಿಗುಟಾಗುವ ಅದೇ ಮಣ್ಣು ಏಪ್ರಿಲ್‌ನಲ್ಲಿ ಕುಗ್ಗಿ, ಅಂಗೈ ಒಳಗೆ ಹೋಗುವಷ್ಟು ಅಗಲದ ಬಿರುಕು ಬಿಡುತ್ತದೆ. ಮೇಲ್ಪದರದ ಎಳೆ ಬೇರುಗಳು ಆ ಬಿರುಕಿನಲ್ಲಿ ಹರಿದು ಹೋಗುತ್ತವೆ. ಒಂದೇ ಋತುವಿನಲ್ಲಿ ಹುಟ್ಟಿ, ಹೂತು, ಬೀಜ ಬಿಟ್ಟು ಸಾಯುವ ಗಿಡ ಬೇಸಿಗೆಯನ್ನು ಬೀಜವಾಗಿ ಮಲಗಿ ಕಳೆಯುತ್ತದೆ. ಅದು ಅದರ ಜಾಣತನ. ಆದರೆ ಬೇಸಿಗೆಯಲ್ಲಿ ಎಚ್ಚರವಿದ್ದು ಹೂವು ಬಿಡಬೇಕಾದರೆ ಬಿರುಕಿನ ಕೆಳಗಿನ ತೇವವನ್ನು ಮುಟ್ಟಿದ ಹಳೆಯ ಬೇರು ಇರಲೇಬೇಕು. ಬಹುವಾರ್ಷಿಕ ಎಂಬ ಪದವನ್ನು ಪಠ್ಯಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದರೂ ಅದಕ್ಕೆ ಇಂಥದೊಂದು ಅರ್ಥವಿದೆಯೆಂದು ಹೊಳೆದದ್ದು ಆ ವರ್ಷ.

ಅದು ಹೊಳೆದದ್ದೂ ಅಂಗಳದಲ್ಲಿ ಅಲ್ಲ, ಹೊಲದ ಬದುವಿನ ಮೇಲೆ. ಮೇ ತಿಂಗಳ ಕೊನೆಗೆ ಮದುವೆಯೊಂದಕ್ಕೆ ಆಳಂದ ತಾಲ್ಲೂಕಿನ ನಮ್ಮ ಹಳ್ಳಿಗೆ ಹೋಗಿದ್ದೆ. ಬಿತ್ತನೆಗೆ ಕಾದು ಕಪ್ಪಾಗಿ ಬಿದ್ದ ಹೊಲದ ನಡುವೆ ಬದುವಿನ ಉದ್ದಕ್ಕೂ ತಂಗಡಿ ಗಿಡಗಳು ಹಳದಿ ಹೂವು ಹೊತ್ತು ನಿಂತಿದ್ದವು. ಯಾರೂ ಹಚ್ಚಿದವಲ್ಲ, ಯಾರೂ ನೀರು ಹಾಕಿದವಲ್ಲ. ಚಿಕ್ಕವರಿದ್ದಾಗ ಮುತ್ಯಾನ ಜೊತೆ ಹೋಗುವಾಗ ನೂರು ಸಲ ನೋಡಿದ ಗಿಡ. ಅದರ ತೊಗಟೆಯನ್ನು ಚರ್ಮ ಹದ ಮಾಡುವವರು ಒಯ್ಯುತ್ತಿದ್ದರೆಂದು ಅವರು ಹೇಳಿದ್ದಷ್ಟೇ ನೆನಪು. ಆವರಿಕೆ, ಹೊನ್ನಾವರಿಕೆ ಎಂದೂ ಇದನ್ನು ಕರೆಯುತ್ತಾರೆ. ಗಡಿಯಾಚೆ ತೆಲಂಗಾಣದಲ್ಲಿ ಇದೇ ‘ತಂಗೇಡು’, ಆ ರಾಜ್ಯದ ರಾಜ್ಯಪುಷ್ಪ. ಅಲ್ಲಿ ಬತುಕಮ್ಮ ಹಬ್ಬದಲ್ಲಿ ಹೂವಿನ ಗೋಪುರ ಕಟ್ಟಲು ತಂಗೇಡು ಬೇಕೇ ಬೇಕು. ನಮ್ಮಲ್ಲಿ ಅದಕ್ಕೆ ಅಂಥ ಮರ್ಯಾದೆ ಇಲ್ಲ. ಹಾಳು ಭೂಮಿಯಲ್ಲಿ ಬೆಳೆಯುವುದರಿಂದ ಅದು ಹಾಳು ಗಿಡ, ಅಷ್ಟೇ. ಒಣಗಿ ಕಂದಾದ, ಕಾಗದದಷ್ಟು ತೆಳುವಾದ ಚಪ್ಪಟೆ ಕಾಯಿಗಳನ್ನು ಒಂದು ಹಿಡಿ ಕಿತ್ತು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ. ಗಿಡವನ್ನೇ ಅಗೆದು ತರುವ ಆಸೆಯೂ ಇತ್ತು. ತರಲಿಲ್ಲ, ಅದು ಒಳ್ಳೆಯದೇ ಆಯಿತು, ತಾಯಿಬೇರು ಕತ್ತರಿಸಿದ ತಂಗಡಿ ಮತ್ತೆ ಊರುವುದು ಕಷ್ಟ.

ತಂಗಡಿ ಬೆಳೆಸಲು ಗೊತ್ತಿರಬೇಕಾದದ್ದು ಹೆಚ್ಚಿಲ್ಲ, ಆದರೆ ಇರುವಷ್ಟನ್ನು ತಪ್ಪಬಾರದು. ಬೀಜದ ಸಿಪ್ಪೆ ಗಟ್ಟಿ. ಹಾಗೇ ಊರಿದರೆ ಯಾವ ವರ್ಷ ಮೊಳೆಯುತ್ತದೆಂದು ಅದಕ್ಕೇ ಗೊತ್ತು. ಕುದಿದು ಇಳಿಸಿದ ಬಿಸಿನೀರಿನಲ್ಲಿ ಹಾಕಿ ರಾತ್ರಿಯಿಡೀ ಬಿಟ್ಟು, ಉಬ್ಬಿದ ಬೀಜಗಳನ್ನಷ್ಟೇ ಆರಿಸಿ ಬಿತ್ತಿದೆ. ಉಬ್ಬದವುಗಳನ್ನು ಸಾಣೆಕಾಗದದ ಮೇಲೆ ಒಂದೆರಡು ಸಲ ಉಜ್ಜಿ ಮತ್ತೆ ನೆನೆಸಿದೆ. ಎರೆ ಮಣ್ಣಿನಲ್ಲಿ ಮಳೆಗಾಲದ ನೀರು ಬುಡದಲ್ಲಿ ನಿಲ್ಲುತ್ತದೆ, ಬಿಸಿಲಿಗಿಂತ ಈ ಗಿಡವನ್ನು ಕೊಲ್ಲುವುದು ಅದೇ. ಆದ್ದರಿಂದ ಒಂದು ಟ್ರ್ಯಾಕ್ಟರ್ ಮೊರಮ್, ಅಂದರೆ ನೀರು ಬಸಿಯುವ ಗರಸು ಮಣ್ಣು, ತರಿಸಿ, ಅರ್ಧ ಮೊರಮ್ ಅರ್ಧ ಎರೆ ಮಣ್ಣು ಕಲಸಿ, ಮೊಣಕಾಲೆತ್ತರದ ದಿಬ್ಬ ಹಾಕಿ, ಅದರ ಮೇಲೆ ಬೀಜ ಹಚ್ಚಿದೆ. ಮೊದಲ ವರ್ಷ ಗಿಡ ಮೇಲೆ ಒಂದು ಮೊಳವೂ ಏಳಲಿಲ್ಲ. ಪಕ್ಕದ ಮನೆಯವರು ಕಾಂಪೌಂಡ್ ಮೇಲಿನಿಂದ, “ರೊಕ್ಕಾ ಕೊಟ್ಟು ಮೊರಮ್ ತರಸಿ ಹಾಳ ಗಿಡ ಹಚ್ಚೀರಿ, ಅದೂ ಬರವಲ್ದು ನೋಡ್ರಿ” ಎಂದರು. ಮೇಲೆ ಕಾಣದ ಕೆಲಸ ಕೆಳಗೆ ನಡೆಯುತ್ತಿತ್ತು. ಎರಡನೆಯ ವರ್ಷದ ಮಳೆಗೆ ಸೊಂಟದೆತ್ತರಕ್ಕೆ ಬಂದು, ದೀಪಾವಳಿಗೆ ಮೊದಲ ಹೂವು ಬಿಟ್ಟಿತು. ಮೂರನೆಯ ಬೇಸಿಗೆಯಲ್ಲಿ, ಹದಿನೈದು ದಿನಕ್ಕೊಮ್ಮೆ ಕೊಟ್ಟ ಒಂದೊಂದು ಕೊಡ ನೀರಿನಲ್ಲಿ, ಮೇ ತಿಂಗಳಿಡೀ ಹೂವಿತ್ತು.

ಆ ಹೂವಿನಲ್ಲಿ ಮಕರಂದವಿಲ್ಲ. ಇದನ್ನು ತಿಳಿದಾಗ ನನಗೆ ಆಶ್ಚರ್ಯವಾಯಿತು. ಬಂದವರಿಗೆ ಕುಡಿಯಲು ಕೊಡದೆ ಬರೀ ಪರಾಗದ ಮೇಲೆ ನಡೆಯುವ ವ್ಯವಹಾರ ಅದು. ಅದೂ ಸುಲಭವಾಗಿ ಸಿಗುವ ಪರಾಗವಲ್ಲ. ಬೇರೆ ಹೂವುಗಳಲ್ಲಿ ಪರಾಗಕೋಶ ಉದ್ದಕ್ಕೆ ಬಿರಿದು ಪುಡಿ ಹೊರಬರುತ್ತದೆ. ತಂಗಡಿಯ ಪರಾಗಕೋಶ ಬಾಯಿ ಬಿಗಿದ ಚೀಲವಿದ್ದಂತೆ, ತುದಿಯಲ್ಲಿ ಮಾತ್ರ ಸಣ್ಣ ರಂಧ್ರ. ಅದನ್ನು ಬಿಡಿಸಿಕೊಳ್ಳಲು ಬರುವವನು ನಮ್ಮ ಹಳೆಯ ಪದ್ಯಗಳ ಕರಿ ದುಂಬಿ, ಅಂದರೆ ಒಣ ಕಟ್ಟಿಗೆಯಲ್ಲಿ ದುಂಡನೆಯ ತೂತು ಕೊರೆದು ಮನೆ ಮಾಡುವ ಬಡಿಗ ಜೇನು. ನಮ್ಮ ದಿಬ್ಬದ ಎದುರು ಕುಳಿತು ನೋಡಿದ್ದನ್ನು ಹೇಳುತ್ತೇನೆ. ಹೆಬ್ಬೆರಳ ಉಗುರಿಗಿಂತ ದೊಡ್ಡದಾದ ಆ ಕಪ್ಪು ಮೈ ಹೂವಿಗೆ ಬಂದು ತಗುಲಿಕೊಂಡ ಕೂಡಲೇ ಇಡೀ ಗೊಂಚಲು ಗೇಣು ಕೆಳಗೆ ಬಾಗುತ್ತದೆ. ಹಾರುವಾಗಿನ ದಪ್ಪ ಗುಂಯ್‌ಗುಡುವಿಕೆ ಅರೆಕ್ಷಣ ನಿಲ್ಲುತ್ತದೆ. ಆಮೇಲೆ, ರೆಕ್ಕೆ ಮಡಿಸಿಕೊಂಡೇ, ಇನ್ನೊಂದು ಸದ್ದು ಹೊರಡುತ್ತದೆ. ಸಣ್ಣದು, ತೀಕ್ಷ್ಣವಾದದ್ದು, ಮೇಜಿನ ಮೇಲಿಟ್ಟ ಮೊಬೈಲ್ ಅದುರಿದಂತೆ ಬಿಟ್ಟು ಬಿಟ್ಟು ಬರುವಂಥದು. ಹಾರಾಟದ ಸ್ನಾಯುಗಳನ್ನೇ ಸೆಕೆಂಡಿಗೆ ನೂರಾರು ಬಾರಿ ನಡುಗಿಸಿ ಅದು ಪರಾಗಕೋಶವನ್ನು ಅಲುಗಿಸುತ್ತಿರುತ್ತದೆ. ರಂಧ್ರದಿಂದ ಹಳದಿ ಪುಡಿ ಚಿಮ್ಮಿ ಹೊಟ್ಟೆಯ ಮೇಲೆ ಬೀಳುತ್ತದೆ. ಕೇಸರಗಳಲ್ಲಿ ಕೆಲವು ಗಿಡ್ಡ, ಕೆಲವು ಉದ್ದ. ಗಿಡ್ಡವಾದವು ಹುಳುವಿನ ಊಟಕ್ಕೆ, ಉದ್ದವಾಗಿ ಬಾಗಿದವು ಅದರ ಮೈಯ ಇನ್ನೊಂದು ಕಡೆಗೆ ಪರಾಗ ಮೆತ್ತಿ ಮುಂದಿನ ಹೂವಿಗೆ ಕಳಿಸಲು. ಕೂಲಿಯೂ ಸರಕೂ ಬೇರೆ ಬೇರೆ ಚೀಲದಲ್ಲಿ.

ಜೇನುಪೆಟ್ಟಿಗೆಯ ತುಡುವೆ ಜೇನಿಗಾಗಲಿ ಹೆಜ್ಜೇನಿಗಾಗಲಿ ಹೀಗೆ ನಡುಗಿಸುವ ವಿದ್ಯೆ ಬರುವುದಿಲ್ಲ. ಬದನೆ, ಟೊಮೆಟೊ ಹೂವುಗಳ ಪರಾಗಕೋಶವೂ ಇದೇ ಜಾತಿಯದಾದ್ದರಿಂದ ಈ ವಿದ್ಯೆ ಬಲ್ಲ ದುಂಬಿ ಅಂಗಳದಲ್ಲಿ ಓಡಾಡಿಕೊಂಡಿದ್ದರೆ ಅಡುಗೆಮನೆಗೂ ಲಾಭ. ಹಿತ್ತಲಿನ ಹಳೆಯ ತೊಲೆಯೊಂದನ್ನು ಕಟ್ಟಿಗೆ ಅಡ್ಡೆಗೆ ಕೊಡುವವಳಿದ್ದೆ. ಅದರಲ್ಲಿ ಎರಡು ದುಂಡನೆಯ ತೂತುಗಳನ್ನೂ ಕೆಳಗೆ ಬಿದ್ದ ಹೊಟ್ಟಿನ ಪುಡಿಯನ್ನೂ ಕಂಡು ಕೊಡದೆ ಗೋಡೆಗೆ ಒರಗಿಸಿ ಇಟ್ಟಿದ್ದೇನೆ.

ಎಕ್ಕದ ವಿಷಯಕ್ಕೆ ಬಂದರೆ ಮನೆಯವರ ಜೊತೆಗೇ ಜಗಳ ಆಡಬೇಕಾಯಿತು. ಶನಿವಾರ ಹನುಮಪ್ಪನಿಗೆ ಎಕ್ಕದ ಹಾರ ಬೇಕು, ಆದರೆ ಎಕ್ಕ ಮನೆ ಮುಂದೆ ಇರಬಾರದು ಎಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಅದರ ಹಾಲು ಕಣ್ಣಿಗೆ ಹಾರಿದರೆ ಅಪಾಯವೆಂಬ ಭಯವಂತೂ ಸರಿಯಾದದ್ದೇ; ಕೊಂಬೆ ಸವರುವಾಗ ಕನ್ನಡಕ ಹಾಕಿಕೊಳ್ಳುತ್ತೇನೆ, ಮೊಮ್ಮಕ್ಕಳು ಬಂದಾಗ ಆ ಮೂಲೆಗೆ ಬಿಡುವುದಿಲ್ಲ. ಇಷ್ಟೆಲ್ಲ ಇದ್ದೂ ಅದನ್ನು ಹಿತ್ತಲಿನ ಪಶ್ಚಿಮದ ಗೋಡೆಗೆ ಹಚ್ಚಿದ್ದಕ್ಕೆ ಕಾರಣ ಒಂದೇ: ಕಾದ ಗೋಡೆಯ ಪಕ್ಕ, ನೀರಿಲ್ಲದೆ, ಏಪ್ರಿಲ್-ಮೇ ತಿಂಗಳಲ್ಲಿ ಮಕರಂದ ಕೊಡುವ ಗಿಡ ಇನ್ನೊಂದನ್ನು ನಾನು ಕಂಡಿಲ್ಲ. ತಂಗಡಿಯಲ್ಲಿ ಪರಾಗ ತಿಂದ ದುಂಬಿ ಬಾಯಾರಿದಾಗ ಎಕ್ಕಕ್ಕೆ ಹೋಗುತ್ತದೆ. ಎಕ್ಕದ ಪರಾಗ ಪುಡಿಯಲ್ಲ, ಮೇಣದಂಥ ಎರಡು ಸಣ್ಣ ಗಂಟು. ಹೂವಿನ ಮೇಲೆ ಓಡಾಡುವ ದುಂಬಿಯ ಕಾಲಿಗೆ ಕೊಕ್ಕೆಯಂತೆ ಸಿಕ್ಕಿಕೊಂಡು ಮುಂದಿನ ಹೂವಿಗೆ ಸಾಗುತ್ತದೆ. ಅದನ್ನು ಎಳೆದು ಬಿಡಿಸಿಕೊಂಡು ಹೋಗಲು ಬಲವಾದ ಕಾಲೇ ಬೇಕು.

ಆದರೆ ಎಕ್ಕ ನನಗೆ ಕಲಿಸಿದ ಪಾಠ ಹೂವಿನದಲ್ಲ, ಎಲೆಯದು. ಹಚ್ಚಿದ ಎರಡನೆಯ ಮಳೆಗಾಲದಲ್ಲಿ ಎಲೆಯ ಅಡಿಯಲ್ಲಿ ಮುತ್ತಿನ ಬಣ್ಣದ ಒಂಟಿ ಒಂಟಿ ಮೊಟ್ಟೆಗಳು ಕಂಡವು. ವಾರದಲ್ಲಿ ಅವು ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳುಗಳಾದವು. ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆಗಳು, ಮುಟ್ಟಲು ಹೋದರೆ ಮುಂದಿನ ಜೊತೆಯನ್ನು ಚಾಟಿಯಂತೆ ಬೀಸುತ್ತಿದ್ದವು. ಎಲೆ ತಿನ್ನುವ ಮುಂಚೆ ಅವು ದಪ್ಪ ನರವನ್ನು ಕಡಿದು ಹಾಲು ಸುರಿದು ಹೋಗಲು ಬಿಟ್ಟು, ಆಮೇಲೆ ಆಚೆಯ ಭಾಗಕ್ಕೆ ಬಾಯಿ ಹಾಕುವುದನ್ನು ನಾನು ಕಣ್ಣಾರೆ ನೋಡಿದೆ. ಹತ್ತು ದಿನದಲ್ಲಿ ಗಿಡದ ಮೇಲೆ ನರಗಳಷ್ಟೇ ಉಳಿದವು. ಆಯಿ ಪೊರಕೆ ಹಿಡಿದು ಬಂದವಳನ್ನು ತಡೆದೆ. ಗೋಡೆಯ ಬಿರುಕಿನಲ್ಲಿ, ಕುಂಡದ ಕಂಠದಲ್ಲಿ, ಬಟ್ಟೆ ಒಣಹಾಕುವ ತಂತಿಯ ಕಂಬದಲ್ಲಿ ತಿಳಿ ಹಸಿರು ಕೋಶಗಳು ತೂಗಿದವು. ಸುಮಾರು ಹತ್ತು ದಿನದ ನಂತರ ಅವುಗಳಿಂದ ಹೊರಬಂದವು ಕಿತ್ತಳೆ ರೆಕ್ಕೆಯ, ತುದಿಗೆ ಕಪ್ಪು ಬಿಳುಪಿರುವ ಪ್ಲೇನ್ ಟೈಗರ್ ಚಿಟ್ಟೆಗಳು. ಎಕ್ಕದ ವಿಷವನ್ನು ಮೈಯಲ್ಲಿಟ್ಟುಕೊಂಡ ಆ ಚಿಟ್ಟೆ ನಿಧಾನವಾಗಿ ಹಾರುತ್ತದೆ, ಹಕ್ಕಿಗಳು ಅದನ್ನು ಮುಟ್ಟುವುದು ಕಡಿಮೆ. ಎಕ್ಕ ಮೂರು ವಾರದಲ್ಲಿ ಮತ್ತೆ ಚಿಗುರಿತು. ತಂಗಡಿಯ ಎಲೆಗೂ ಹಾಗೇ ಗಿರಾಕಿಗಳಿವೆ. ಎಮಿಗ್ರಂಟ್ ಎಂದು ಕರೆಯುವ, ಹಸಿರು ಛಾಯೆಯ ಬಿಳಿ ಚಿಟ್ಟೆಗಳ ಹುಳುಗಳು ಅವನ್ನು ತಿಂದು ಬೆಳೆಯುತ್ತವೆ. ಚಿಟ್ಟೆ ಬೇಕು, ತಿಂದ ಎಲೆ ಬೇಡ ಎನ್ನುವವರು ಕಾಗದದ ಹೂವನ್ನೇ ಹಚ್ಚಿಕೊಳ್ಳುವುದು ಲೇಸು. ಅದೂ ಒಂದು ರೀತಿಯ ಅಲಂಕಾರವೇ.

ಉಳಿದ ಗಿಡಗಳು ಇಷ್ಟು ಮಾತು ಬೇಡುವುದಿಲ್ಲ. ಮುಳ್ಳುಗೋರಂಟಿಯ ಬೇಲಿ ಗೇಟಿನ ಪಕ್ಕಕ್ಕಿದೆ, ಚಳಿಗಾಲದಲ್ಲಿ ಕಿತ್ತಳೆ ಮಿಶ್ರಿತ ಹಳದಿ ಹೂವು. ದಿಬ್ಬದ ಅಂಚಿಗೆ ನೆಲಕ್ಕೆ ಹಬ್ಬಿದ ವಿಷ್ಣುಕ್ರಾಂತಿ. ಉಗುರಿನಷ್ಟು ನೀಲಿ ಹೂವು ಬೆಳಗಿನ ಬಿಸಿಲಿಗೆ ತೆರೆದು ಮಧ್ಯಾಹ್ನಕ್ಕೆ ಮುಚ್ಚುತ್ತದೆ, ಸೊಳ್ಳೆಗಿಂತ ಸ್ವಲ್ಪ ದೊಡ್ಡವಾದ, ಗುಂಪು ಕಟ್ಟದೆ ಒಂದೊಂದೇ ಬಾಳುವ ಒಂಟಿ ಜೇನುಗಳಿಗೆ ಅದೇ ಹೋಟೆಲು. ಅಬ್ಬಲಿಗೆಗೆ ಮಧ್ಯಾಹ್ನದ ನೆರಳು ಬೇಕಾಗುವುದರಿಂದ ಅದು ಪೂರ್ವದ ಗೋಡೆಗೆ. ತುಳಸಿಯ ಬಗ್ಗೆ ಒಂದೇ ಮಾತು: ಕಟ್ಟೆಯ ತುಳಸಿಯ ತೆನೆ ಚಿವುಟುವ ರೂಢಿಯಿದ್ದವರು ಚಿವುಟಲಿ, ಬೇರೆ ಎಲ್ಲಿಯಾದರೂ ಇನ್ನೆರಡು ಗಿಡ ಹಚ್ಚಿ ಅವುಗಳ ತೆನೆಯನ್ನು ಬಿಡಲಿ, ಕೋಲುಜೇನು ಇಷ್ಟು ಪ್ರೀತಿಯಿಂದ ಬರುವ ಹೂವು ನನ್ನಲ್ಲಿ ಬೇರೆ ಇಲ್ಲ. ರಸ್ತೆಯ ಕಡೆಗೆ ಲಕ್ಕಿ ಮತ್ತು ಆಡುಸೋಗೆ. ಮಳೆಗಾಲದಲ್ಲಿ ಕಡ್ಡಿ ಊರಿದರೆ ಎರಡೂ ಬೇರು ಬಿಡುತ್ತವೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಆಡುಸೋಗೆಯನ್ನು ಮಾತ್ರ ಅದೂ ಮುಟ್ಟುವುದಿಲ್ಲ. ನಮ್ಮ ಬಡಾವಣೆಯಲ್ಲಿ ಗೇಟು ತೆರೆದಿಟ್ಟ ಐದು ನಿಮಿಷದಲ್ಲಿ ಆಡೋ ಆಕಳೋ ಒಳಗೆ ಬರುವುದರಿಂದ, ಕಾಂಪೌಂಡ್ ಹೊರಗೂ ಬದುಕುವ ಗಿಡಗಳ ಪಟ್ಟಿ ಮಾಡಿದಾಗ ಉಳಿದವು ಎಕ್ಕ, ತಂಗಡಿ, ಲಕ್ಕಿ, ಆಡುಸೋಗೆಗಳೇ. ಬದುವಿನ ಮೇಲೆ ಅವೇ ಉಳಿದಿರುವುದೂ ಅದೇ ಕಾರಣಕ್ಕಿರಬೇಕು.

ಹೂವು ಹಚ್ಚಿದ ಮೇಲೂ ಒಂದು ಕೊರತೆ ನನಗೆ ತಡವಾಗಿ ಕಂಡಿತು. ಈ ಒಂಟಿ ಜೇನುಗಳಲ್ಲಿ ಬಹುಪಾಲು ಮರದಲ್ಲಲ್ಲ, ಪೆಟ್ಟಿಗೆಯಲ್ಲಲ್ಲ, ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತವೆ. ನಮ್ಮ ಅಂಗಳದಲ್ಲಿ ಮಣ್ಣೆಲ್ಲಿದೆ? ಶಹಾಬಾದ್, ವಾಡಿ, ಸೇಡಂ ಸುತ್ತಲಿನ ನೆಲದಡಿ ಪದರು ಪದರಾಗಿ ಸುಣ್ಣಕಲ್ಲಿರುವುದರಿಂದ ಫರಸಿ ನಮಗೆ ಅಗ್ಗ. ಅಂಗಳಕ್ಕೆ, ಹಿತ್ತಲಿಗೆ, ನಡೆಯುವ ದಾರಿಗೆ, ಕೊನೆಗೆ ಗಿಡದ ಪಾತಿಯ ಸುತ್ತಲೂ ಫರಸಿ ಹಾಸಿ, ಸಂದುಗಳಿಗೆ ಸಿಮೆಂಟ್ ತುಂಬಿ, ದಿನಾ ತೊಳೆದು ಇಡುವುದೇ ಚೆಂದ ಎಂದುಕೊಂಡವರು ನಾವು. ದಿಬ್ಬದ ದಕ್ಷಿಣಕ್ಕೆ ನಾಲ್ಕು ಫರಸಿ ಎಬ್ಬಿಸಲು ಹೇಳಿದಾಗ ಗೌಂಡಿ ನನ್ನನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಕಲ್ಲು ತೆಗೆದ ಜಾಗವನ್ನು ಅಗೆಯದೆ, ನೀರು ಹಾಕದೆ, ಮೊರಮ್ ಬೆರೆತ ಗಟ್ಟಿ ನೆಲವಾಗಿಯೇ ಬಿಟ್ಟೆ. ಮುಂದಿನ ಚಳಿಗಾಲದಲ್ಲಿ ಅಲ್ಲಿ ಪೆನ್ಸಿಲ್ ತೂರುವಷ್ಟು ಅಗಲದ ಆರು ಬಿಲಗಳಿದ್ದವು, ಪ್ರತಿಯೊಂದರ ಬಾಯಿಗೂ ಜರಡಿ ಹಿಡಿದಂಥ ಮಣ್ಣಿನ ಸಣ್ಣ ಗುಡ್ಡೆ. ಸೋಫಾದ ಮೇಲೆ ಕುಳಿತು ಟಿವಿ ನೋಡುವ ನನ್ನ ಗಂಡ ಈಗ ಸಂಜೆ ಅದರ ಪಕ್ಕ ಕುರ್ಚಿ ಹಾಕಿಕೊಳ್ಳುತ್ತಾರೆ. ಕಾರಣ ಕೇಳಿದರೆ ಗಾಳಿ ಚಲೋ ಬರುತ್ತದೆ ಎನ್ನುತ್ತಾರೆ.

ಇಷ್ಟು ಹೇಳಿದ ಮೇಲೆ ನನ್ನದೊಂದು ಅಪರಾಧವನ್ನೂ ಹೇಳಬೇಕು. ಎರಡನೆಯ ವರ್ಷದ ಅಕ್ಟೋಬರ್‌ನಲ್ಲಿ ಗುಲಾಬಿಯ ಎಲೆಗಳ ಅಂಚಿನಲ್ಲಿ ಯಾರೋ ಕಂಪಾಸಿನಿಂದ ಗೆರೆ ಎಳೆದು ಕತ್ತರಿಸಿದಂತೆ ಅಚ್ಚುಕಟ್ಟಾದ ಅರ್ಧವೃತ್ತಗಳು ಕಾಣಿಸಿಕೊಂಡವು. 31 ವರ್ಷ ಹುಡುಗರಿಂದ ಅರ್ಧವೃತ್ತ ಬರೆಸಿದ ನಾನು ಅದರ ಅಂದಕ್ಕೆ ಬೆರಗಾಗದೆ, ಅಂಗಡಿಗೆ ಹೋಗಿ ಹುಳದ ಔಷಧಿ ತಂದು ಹೊಡೆದೆ. ಎಲೆ ತಿನ್ನುವ ಹುಳುವೆಂದುಕೊಂಡಿದ್ದೆ. ಅದು ಎಲೆ ಕತ್ತರಿಸುವ ಜೇನು. ತಿನ್ನಲಿಕ್ಕಲ್ಲ, ಆ ತುಂಡುಗಳನ್ನು ಸುತ್ತಿ, ಟೊಳ್ಳು ಕಡ್ಡಿಯೊಳಗೆ ಒಂದರ ಹಿಂದೊಂದು ಬಟ್ಟಲು ಮಾಡಿ, ಪ್ರತಿ ಬಟ್ಟಲಿಗೂ ಪರಾಗ ತುಂಬಿ ಮೊಟ್ಟೆ ಇಡುವ ಸಲುವಾಗಿ ಒಯ್ಯುತ್ತದೆ. ಮರುದಿನ ಫರಸಿಯ ಮೇಲೆ ಬಿದ್ದಿದ್ದ ಮೂರನ್ನು ಎತ್ತಿ ನೋಡಿದೆ. ಹೊಟ್ಟೆಯ ಅಡಿಯ ಕೂದಲಿನಲ್ಲಿ ಹಳದಿ ಪರಾಗ ಇನ್ನೂ ಮೆತ್ತಿಕೊಂಡಿತ್ತು. ಅದು ತೊಗರಿ ಹೂವಿನ ಕಾಲ, ತೊಗರಿ ಹೂವಿಗೆ ಹೆಚ್ಚಾಗಿ ಬರುವವರಲ್ಲಿ ಈ ಜೇನೂ ಒಂದು.

ನಮ್ಮ ಜಿಲ್ಲೆಯನ್ನು ತೊಗರಿಯ ಕಣಜ ಎಂದು ಹೊಗಳುತ್ತೇವೆ, 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್ ಸಿಕ್ಕಾಗ ಸಿಹಿ ಹಂಚಿದವರೂ ಇದ್ದಾರೆ. ತೊಗರಿ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆಂಬುದು ನಿಜ. ಆದರೂ ಜೇನುಗಳು ಬಂದ ಹೊಲದಲ್ಲಿ ಒಂದು ಗಿಡದ ಪರಾಗ ಇನ್ನೊಂದಕ್ಕೆ ಸಾಕಷ್ಟು ಸಾಗುತ್ತದೆ. ಹುಮನಾಬಾದ್ ಮೇಲೆ ಹೈದರಾಬಾದ್‌ಗೆ ಹೋಗುವಾಗ ಪಟಾನ್‌ಚೆರುವಿನಲ್ಲಿ ರಸ್ತೆಯ ಪಕ್ಕಕ್ಕೆ ಸಿಗುವ, 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಹೈಬ್ರಿಡ್ ತೊಗರಿಯನ್ನು ರೂಪಿಸಿದ್ದು ಈ ಸ್ವಭಾವವನ್ನೇ ನೆಚ್ಚಿಕೊಂಡು: ಪರಾಗವಿಲ್ಲದ ತಾಯಿ ಸಾಲಿಗೆ ತಂದೆ ಸಾಲಿನ ಪರಾಗವನ್ನು ಹೊತ್ತು ತರುವ ಕೂಲಿಯವರು ಜೇನುಗಳೇ. ಹೂವಿನ ಕಾಲದಲ್ಲೇ ಕಾಯಿಕೊರಕದ ಕಾಟವೂ ಇರುವುದರಿಂದ ಔಷಧಿ ಹೊಡೆಯುವುದೂ ಆಗಲೇ. ನಾನು ಚಿಕ್ಕವಳಿದ್ದಾಗ ಮುತ್ಯಾನ ಹೊಲದಲ್ಲಿ ಸಾಲುಗಳ ನಡುವೆ ತಾಡಪತ್ರಿ ಎಳೆಯುತ್ತ, ತೊಗರಿ ಗಿಡಗಳನ್ನು ಹಿಡಿದು ಅಲುಗಾಡಿಸಿ, ಉದುರಿದ ಹುಳುಗಳನ್ನು ಒಟ್ಟುಮಾಡಿ ನಾಶ ಮಾಡುತ್ತಿದ್ದರು. ದಿನಕ್ಕೆಷ್ಟು ಆಳು ಬೇಕಾಗುತ್ತಿತ್ತೆಂದು ನನಗೆ ನೆನಪಿದೆ, ಇಂದಿನ ಕೂಲಿಯಲ್ಲಿ ಹತ್ತು ಎಕರೆಯವರಿಗೆ ಅದನ್ನೇ ಮಾಡಿರೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಅಂಗಳದ ಎರಡು ಗುಲಾಬಿ ಗಿಡಕ್ಕೆ ಔಷಧಿ ಹೊಡೆಯುವ ಅಗತ್ಯ ನನಗೆ ಏನಿತ್ತು? ಉಳಿದ ಡಬ್ಬಿಯನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಅದು ಇನ್ನೂ ಅಟ್ಟದ ಮೇಲೆ ಬೀಗದೊಳಗಿದೆ. ಗುಲಾಬಿಯ ಅರ್ಧವೃತ್ತಗಳು ಮರಳಿ ಬರಲು ಒಂದೂವರೆ ವರ್ಷ ಹಿಡಿಯಿತು.

ಈ ವರ್ಷದ ಏಪ್ರಿಲ್‌ನಲ್ಲಿ ಅದೇ ಸ್ಟೂಲು, ಅದೇ ನೋಟ್‌ಬುಕ್ಕು ಹಿಡಿದು ಕುಂಬಳದ ಎದುರು ಮತ್ತೆ ಕುಳಿತೆ. ಐದು ವರ್ಷದಲ್ಲಿ ಪಕ್ಕದ ಓಣಿಯ ಬೇವುಗಳೂ ಬೆಳೆದಿವೆ, ಆಚೆ ಯಾರೋ ಸೂರ್ಯಕಾಂತಿ ಹಾಕಿದ್ದರು, ಆದ್ದರಿಂದ ಎಲ್ಲವನ್ನೂ ನನ್ನ ದಿಬ್ಬದ ಖಾತೆಗೆ ಬರೆದುಕೊಳ್ಳಲಾರೆ. ಗೆರೆಗಳು ಇಪ್ಪತ್ತಮೂರು. ಹದಿನಾಲ್ಕು ಕೋಲುಜೇನು, ನಾಲ್ಕು ಹೆಜ್ಜೇನು, ಎರಡು ಕರಿ ದುಂಬಿ, ಉಳಿದ ಮೂರು ಎಲೆ ತಿನ್ನುವ ಅವೇ ಕೆಂಪು ದುಂಬಿಗಳು. ಒಂದು ಕರಿ ದುಂಬಿ ಗಂಡು ಹೂವಿನೊಳಗೆ ಇಡೀ ಮೈ ತೂರಿಸಿ, ಹಳದಿ ಬಳಿದುಕೊಂಡು, ಹಿಮ್ಮುಖವಾಗಿ ಹೊರಬಂದು, ಪಕ್ಕದ ಹೆಣ್ಣು ಹೂವಿನೊಳಗೆ ಹೋಯಿತು. ಆಯಿ ಬಾಂಡೆ ತಿಕ್ಕುವುದನ್ನು ಬಿಟ್ಟು ಬಂದು ನನ್ನ ಪಕ್ಕ ನಿಂತಿದ್ದಳು. “ಬಂತು ನೋಡ್ರೀ, ನಿಮ್ಮ ಕೆಲಸಕ್ಕ ಆಳು” ಎಂದವಳು, ಸ್ವಲ್ಪ ಹೊತ್ತು ತಡೆದು, ತಂಗಡಿ ಬೀಜವನ್ನು ಬಿಸಿನೀರಿಗೆ ಎಷ್ಟು ಹೊತ್ತು ಹಾಕಬೇಕೆಂದು ಕೇಳಿದಳು.